ಬಾಣಂತಿಯ ಫೋನು ನಾನು ಎತ್ತಿದ್ದು

ನನ್ನ ಮಗಳು ಟೀಮ್ ಲೀಡ್ ಆದಳು!

ಮೊನ್ನೆ ಶುಕ್ರವಾರ ಮಧ್ಯಾಹ್ನ, ತೀರ್ಥಹಳ್ಳಿಯ ಅವಳ ಮನೆಯಲ್ಲಿ ನಾನು ಮೊಮ್ಮಗಳಿಗೆ ಮೊಸರನ್ನ ತಿನ್ನಿಸುತ್ತಾ ಕೂತಿದ್ದೆ. ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದವಳು ಬಾಗಿಲು ತೆಗೆದು ಹೊರಗೆ ಬಂದು, "ಅಮ್ಮ, ಕೊಟ್ರು" ಅಂದಳು. ಅಷ್ಟೇ ಅಂದಿದ್ದು. ನಾನು ಅನ್ನದ ಕೈಯಲ್ಲೇ ಎದ್ದು ಅವಳ ಎರಡೂ ಕೆನ್ನೆ ಹಿಡಿದುಕೊಂಡೆ. ಮುಖದ ತುಂಬಾ ಮೊಸರನ್ನ. ಕೂಸು ಅದನ್ನು ನೋಡಿ ಚಪ್ಪಾಳೆ ತಟ್ಟಿತು. ಅದಕ್ಕೆ ಎಂತ ಗೊತ್ತು, ಅಮ್ಮನೂ ಮುಖಕ್ಕೆ ಬಳಕೊಂಡು ಊಟ ಮಾಡ್ತಾಳೆ ಅಂತ ಖುಷಿ.

ಕೈ ತೊಳೆದವಳೇ ರಿಪ್ಪನ್‌ಪೇಟೆಗೆ ನಮ್ಮನೆಯವರಿಗೆ ಫೋನು ಮಾಡಿದೆ. "ಮಗಳು ಲೀಡ್ ಆದ್ಳು ಕಣ್ರೀ" ಅಂದೆ. "ಹಂಗಂದ್ರೆ ಎಂತ?" ಅಂದರು. "ಹದಿನಾಲ್ಕು ಜನ ಇವಳು ಹೇಳಿದ ಹಾಗೆ ಕೇಳ್ಬೇಕು" ಅಂದೆ. "ಓಹೋ, ಮನೇಲಿ ನಿನ್ನ ಥರ" ಅಂದರು. ಅವರ ತಮಾಷೆ ನನಗೆ ಯಾವತ್ತೂ ಹಿಡಿಸಿದ್ದಿಲ್ಲ, ಅವತ್ತು ಬಾಯ್ತುಂಬಾ ನಕ್ಕೆ. "ಇವತ್ತು ಸಂಜೆ ಊಟಕ್ಕೆ ಇಲ್ಲಿಗೇ ಬನ್ನಿ, ಮೂರು ಗಂಟೆ ಬಸ್ಸಿಗೆ ಹತ್ತಿ" ಅಂತ ಅಪ್ಪಣೆ ಕೊಟ್ಟೆ. ಪಕ್ಕದ ಮನೆಯವಳಿಗೆ ಬೇಲಿ ಈಚೆಯಿಂದಲೇ ಕೂಗಿ ಹೇಳಿದೆ. ಹಾಲು ಕೊಡುವವಳಿಗೆ ಹೇಳಿದೆ. ಕರೆಂಟ್ ಬಿಲ್ ಕೊಡೋಕೆ ಬಂದವನಿಗೂ ಹೇಳಿದೆ. ಅವನು ಪಾಪ, "ಒಳ್ಳೇದಾಯ್ತು ಅಮ್ಮಾ" ಅಂತ ಬಿಲ್ಲು ಹರಿದು ಕೊಟ್ಟು ಹೋದ.

ಇಷ್ಟು ಖುಷಿ ಇಟ್ಟುಕೊಂಡು ಸಿಟ್ಟು ಯಾಕೆ ಬರೆಯುತ್ತೀಯ ಅಂತ ಕೇಳಬಹುದು. ಯಾಕೆಂದರೆ ಈ ಕೆಲಸ ಅವಳಿಗೆ ಎರಡೂವರೆ ವರ್ಷದ ಹಿಂದೆಯೇ ಸಿಗಬೇಕಿತ್ತು. ಅವಳ ಕೈಗೆ ಬಂದಿದ್ದನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟರು. ಕಿತ್ತವರಿಗೆ ದಾರಿ ಮಾಡಿ ಕೊಟ್ಟವಳು ನಾನು. ಗೊತ್ತಿಲ್ಲದೆ ಮಾಡಿದ್ದು ಹೌದು. ಆದರೂ ನಾನೇ. ಅದಕ್ಕೇ ಸಿಟ್ಟು ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ.

ನಾನು ಓದಿದ್ದು ಐದನೇ ಕ್ಲಾಸು. ರಿಪ್ಪನ್‌ಪೇಟೆಯಲ್ಲಿ ನಮ್ಮನೆ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಈ ಊರಿನ ಅರ್ಧ ಹೆಂಗಸರ ಅಳತೆ ನನ್ನ ನೋಟ್‌ಬುಕ್ಕಿನಲ್ಲಿದೆ. ಮಗಳು ಹುಟ್ಟಿದಾಗ ಮೂರು ತಿಂಗಳು ಮಿಷನ್ ಮುಟ್ಟಲಿಲ್ಲ. ಅದರ ಮೇಲೆ ಹಳೇ ಪಂಚೆ ಹೊದಿಸಿ ಇಟ್ಟಿದ್ದೆ. ತವರಿಂದ ವಾಪಸ್ ಬಂದು ಪಂಚೆ ತೆಗೆದರೆ ಮಿಷನ್ ಅಲ್ಲೇ ಇತ್ತು, ಸ್ಟೂಲೂ ಅಲ್ಲೇ ಇತ್ತು, ನನ್ನ ಗಿರಾಕಿಗಳೂ ಬಟ್ಟೆ ಹಿಡಿದುಕೊಂಡು ಬಂದರು. ಹೆತ್ತು ಬಂದವಳ ಜಾಗ ಹೆತ್ತು ಬಂದವಳಿಗೇ ಇರುತ್ತದೆ ಅಂತ ನಾನು ಅಂದುಕೊಂಡಿದ್ದು ಅದರಿಂದಲೇ. ದೊಡ್ಡ ಕಂಪನಿಗಳಲ್ಲಿ ಹಾಗಿಲ್ಲ ಅಂತ ನನಗೆ ಯಾರು ಹೇಳಬೇಕಿತ್ತು?

ಮಗಳು ಇಂಜಿನಿಯರಿಂಗ್ ಓದಿ ಬೆಂಗಳೂರಿನ ಒಂದು ಕಂಪನಿ ಸೇರಿದಳು. ಮದುವೆಯಾದ ಮೇಲೆ ತೀರ್ಥಹಳ್ಳಿಗೆ ಬಂದಳು. ಅಳಿಯನದು ಅಲ್ಲೇ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮನೆಯಿಂದಲೇ ಕೆಲಸ ಮಾಡುವ ಕಾಲ ಶುರುವಾಗಿತ್ತು, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬಂದರೆ ಸಾಕಿತ್ತು. ಅವಳ ಕೆಲಸ ಏನು ಅಂತ ನನಗೆ ಅರ್ಥವಾಗಿದ್ದು ಹೀಗೆ: ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದರೆ ಸಂಜೆಯೊಳಗೆ ರಿಪೋರ್ಟು ಮೊಬೈಲಿಗೇ ಬರುತ್ತದಲ್ಲ, ಅದು ತಾನಾಗಿ ಹಾರಿ ಬರುವುದಿಲ್ಲ. ಯಾರದ್ದು ಯಾರಿಗೋ ಹೋಗದ ಹಾಗೆ, ಸರಿಯಾದವರ ಮೊಬೈಲಿಗೆ ಹೋಗುವ ಹಾಗೆ ಒಳಗೆ ಹೆಣೆದಿರುತ್ತಾರೆ. ಆ ಹೆಣಿಗೆ ಇವಳದು. ಮೊದಲ ದಾರ ಪೋಣಿಸಿದವಳೇ ಇವಳು. ಐದು ವರ್ಷ ಅದರಲ್ಲೇ ಕೂತು, ಹೊಸದಾಗಿ ಬಂದವರಿಗೆಲ್ಲ ಹೇಳಿಕೊಟ್ಟು ಬೆಳೆಸಿದಳು. ಅವಳ ಮೇಲಿನ ಮ್ಯಾನೇಜರು, "ಬರುವ ಏಪ್ರಿಲಿಗೆ ನೀವೇ ಲೀಡ್, ಮನೆಯಲ್ಲಿ ಸಿಹಿ ಮಾಡಿಸಿ" ಅಂದಿದ್ದನಂತೆ.

ಅಷ್ಟರಲ್ಲಿ ಬಸುರಿಯಾದಳು.

ಅದನ್ನು ಹೇಳಿದ ದಿನ ಮ್ಯಾನೇಜರು, "ಕಂಗ್ರಾಜುಲೇಷನ್ಸ್, ಇನ್ನು ನೀವು ಟೆನ್ಷನ್ ತಗೋಬೇಡಿ" ಅಂದ. ನಾನು ಒಳ್ಳೇ ಮನುಷ್ಯ ಅಂದುಕೊಂಡೆ. ಮಗಳು ಮಾತ್ರ ಸುಮ್ಮನೆ ಕೂತಿದ್ದಳು. "ಎಂತಾಯ್ತೇ?" ಅಂದೆ. "ಟೆನ್ಷನ್ ತಗೋಬೇಡಿ ಅಂದ್ರೆ ಕೆಲಸ ಕೊಡಲ್ಲ ಅಂತ ಅಮ್ಮ" ಅಂದಳು. ನಾನು ನಂಬಲಿಲ್ಲ. ಬಸುರಿ ಹೆಂಗಸಿಗೆ ಏನೇನೋ ಅನ್ನಿಸುತ್ತದೆ ಅಂದುಬಿಟ್ಟೆ. ಅವಳು ಹೇಳಿದ್ದು ಅಕ್ಷರ ಅಕ್ಷರ ಸರಿಯಿತ್ತು.

ಸೀಮಂತದ ದಿನವೂ ಅವಳಿಗೆ ಮೀಟಿಂಗು. ಆರತಿಗೆ ಇನ್ನೂ ಅರ್ಧ ಗಂಟೆ ಇತ್ತು. ಮುಡಿ ತುಂಬಾ ಹೂವು, ಮೊಣಕೈವರೆಗೆ ಹಸಿರು ಬಳೆ, ಹಾಗೇ ಲ್ಯಾಪ್‌ಟಾಪ್ ಮುಂದೆ ಕೂತಳು. ಅವಳು ಟೈಪ್ ಮಾಡಿದ ಹಾಗೆಲ್ಲ ಬಳೆ ಝಲ್ ಝಲ್. ಆ ಕಡೆಯಿಂದ ಯಾವನೋ, "ಯಾರದೋ ಮನೇಲಿ ಪೂಜೆ ನಡೀತಿದೆ, ಮ್ಯೂಟ್ ಮಾಡ್ಕೊಳ್ಳಿ" ಅಂದ. ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆಮೇಲೆ ಒಂದೊಂದೇ ಬಳೆ ಮೇಲೆ ಏರಿಸಿ ಕರ್ಚೀಫು ಸುತ್ತಿಕೊಂಡು ಕೆಲಸ ಮುಗಿಸಿದಳು. ಬೀಗಿತ್ತಿ, ಅಂದರೆ ಅವಳ ಅತ್ತೆ, ಬಾಗಿಲಲ್ಲಿ ನಿಂತು, "ಬಳೆಗೆ ಬಟ್ಟೆ ಕಟ್ಟೋದು ಅಪಶಕುನ ಮಾರಾಯ್ತಿ" ಅಂತ ಗೊಣಗಿದರು. ನನಗೆ ಶಕುನದ ಚಿಂತೆ ಇರಲಿಲ್ಲ. ಆ ಮೀಟಿಂಗಿನಲ್ಲಿ ಇವಳು ಹೇಳಿಕೊಟ್ಟು ಬೆಳೆಸಿದ ಹುಡುಗರೇ ನಗುತ್ತಿದ್ದರಲ್ಲ, ಅದು ಉರಿಯಿತು.

ಹೆರಿಗೆಗೆ ತವರಿಗೆ ಬಂದಳು. ರಿಪ್ಪನ್‌ಪೇಟೆಯಿಂದ ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಆನಂದಪುರ ದಾಟುವಷ್ಟರಲ್ಲಿ ನೋವು ಜೋರಾಗಿತ್ತು. ಆ ನೋವಿನಲ್ಲೂ ಫೋನಿನಲ್ಲಿ ಏನೋ ಒತ್ತುತ್ತಿದ್ದಳು. "ಅದನ್ನ ಇಡೇ" ಅಂತ ಗದರಿದೆ. "ಒಂದು ನಿಮಿಷ ಅಮ್ಮ, ಯಾರು ಏನು ನೋಡ್ಕೋಬೇಕು ಅಂತ ಬರೆದು ಕಳಿಸ್ತಿದೀನಿ" ಅಂದಳು. ಹಲ್ಲು ಕಚ್ಚಿಕೊಂಡು ಬರೆದು ಮುಗಿಸಿದಳು. ಹೆಣ್ಣು ಕೂಸು ಹುಟ್ಟಿತು. ಮಾರನೇ ದಿನ ಅವಳ ರಕ್ತದ ರಿಪೋರ್ಟು ನನ್ನ ಫೋನಿಗೆ ಬಂತು. ತೋರಿಸಿದರೆ ಮಲಗಿದಲ್ಲಿಂದಲೇ ನಕ್ಕು, "ಇದು ನನ್ನದೇ ಅಮ್ಮ, ನಾವು ಮಾಡಿದ್ದೇ" ಅಂದಳು. ಒಂದು ಕಡೆ ಕೂಸು, ಇನ್ನೊಂದು ಕಡೆ ಆ ಫೋನು. ಎರಡನ್ನೂ ಒಂದೇ ಥರ ನೋಡಿದಳು. ಅದನ್ನು ನಾನು ಕಣ್ಣಾರೆ ನೋಡಿಯೂ ತಿಳಿದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಬಾಣಂತನ ಶುರು. ನಮ್ಮಲ್ಲಿ ಬಾಣಂತನ ಅಂದರೆ ಹುಡುಗಾಟ ಅಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುಡುಸುಡು ನೀರು, ಕಾಳುಮೆಣಸಿನ ಸಾರು. ಗಾಳಿಗೆ ಹೋಗಬಾರದು, ತಣ್ಣೀರು ಮುಟ್ಟಬಾರದು, ಓದಬಾರದು. ಹಸಿ ಬಾಣಂತಿ ಕಣ್ಣಿಗೆ ಕೆಲಸ ಕೊಟ್ಟರೆ ನಲವತ್ತಕ್ಕೇ ಕಣ್ಣು ಹೋಗುತ್ತದೆ ಅಂತ ನನ್ನ ಅಮ್ಮ ಹೇಳಿದ್ದು, ಅವಳಿಗೆ ಅವಳ ಅಮ್ಮ ಹೇಳಿದ್ದು. ಹಾಗಾಗಿ ಲ್ಯಾಪ್‌ಟಾಪನ್ನು ಲೈನಿಂಗ್ ಬಟ್ಟೆಯ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದೆ. ಫೋನನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಅಮ್ಮ, ಆಫೀಸಿನ ಮೆಸೇಜ್ ಬಂದ್ರೆ ಕೊಡು" ಅಂತ ದಿನಾ ಕೇಳುತ್ತಿದ್ದಳು. "ಕೊಡ್ತೀನಿ, ಕೊಡ್ತೀನಿ" ಅನ್ನುತ್ತಿದ್ದೆ. ಫೋನು ಟಣ್ ಟಣ್ ಅನ್ನುತ್ತಲೇ ಇತ್ತು. ಎಲ್ಲ ಇಂಗ್ಲಿಷ್. ನನಗೆ ಓದೋಕೆ ಬರುವುದಿಲ್ಲ. ಸಾಲ ಕೊಡ್ತೀವಿ, ರೀಚಾರ್ಜ್ ಮಾಡ್ಸಿ ಅನ್ನೋವೇ ಇರಬೇಕು ಅಂತ ಬಿಟ್ಟೆ.

ಹದಿನೇಳನೇ ದಿನ ಅವಳು ನಿದ್ದೆ ಹೋಗಿದ್ದಾಗ ಫೋನು ಬಂತು. ಎತ್ತಿದೆ.

"ನಮಸ್ಕಾರ ಅಮ್ಮ, ನಾನು ಅವರ ಆಫೀಸಿಂದ, ಮ್ಯಾನೇಜರ್. ಹೇಗಿದ್ದಾರೆ ಅವರು? ಮಗು ಹೇಗಿದೆ?"

ಎಷ್ಟು ಚಂದ ಮಾತು! "ಚೆನ್ನಾಗಿದ್ದಾರಪ್ಪ" ಅಂದೆ.

"ಮೆಸೇಜ್ ಹಾಕಿದ್ದೆ, ಉತ್ತರ ಬರಲಿಲ್ಲ. ಪ್ರಾಜೆಕ್ಟಿಗೆ ಒಬ್ಬರ ಹೆಸರು ಕೊಡಬೇಕಿತ್ತು. ಅವರು ವಾಪಸ್ ಬಂದು ನೋಡ್ಕೋತಾರೋ ಹೇಗೋ ಅಂತ..."

ನಾನು ಏನಂದೆ ಗೊತ್ತಾ? ಈಗಲೂ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

"ಅಯ್ಯೋ, ಅವಳಿಗೆ ಈಗ ಆಫೀಸಿನ ಯೋಚನೆ ಎಲ್ಲಿ ಬಂತು ಸಾರ್! ಕೂಸಿಂದೇ ಆಗಿದೆ ಅವಳಿಗೆ. ನೀವೇ ಯಾರಿಗಾದ್ರೂ ಹೇಳಿ ನಡೆಸ್ಕೊಂಡು ಹೋಗಿ" ಅಂದೆ.

"ಅಷ್ಟು ಹೇಳಿದ್ರಲ್ಲ, ಸಾಕು ಅಮ್ಮ. ರೆಸ್ಟ್ ಮಾಡೋಕೆ ಹೇಳಿ" ಅಂದ. ಇಟ್ಟ.

ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಬಾಣಂತಿಗೆ ಒಂದು ತಲೆನೋವು ತಪ್ಪಿಸಿದೆ ಅಂತ ಹೆಮ್ಮೆ ನನಗೆ. ಎದ್ದ ಮೇಲೆ ಅವಳಿಗೆ ಹೇಳಲೂ ಇಲ್ಲ.

ಆರು ತಿಂಗಳು ಕಳೆದು ಮಗಳು ತೀರ್ಥಹಳ್ಳಿಗೆ ಹೋಗಿ ಕೆಲಸ ಶುರು ಮಾಡಿದಳು. ಎರಡೇ ವಾರ. ಒಂದು ದಿನ ಮಧ್ಯಾಹ್ನ, ಹುಂಚದ ಮೇಲೆ ಬರುವ ಬಸ್ಸಿನಲ್ಲಿ, ಕೂಸನ್ನು ಎತ್ತಿಕೊಂಡು, ಫೋನು ಕೂಡ ಮಾಡದೆ ನಮ್ಮನೆ ಬಾಗಿಲಿಗೆ ಬಂದು ನಿಂತಳು. ಒಬ್ಬಳು ಗಿರಾಕಿ ಅಳತೆ ಕೊಡುತ್ತಾ ನಿಂತಿದ್ದಳು. ಅವಳ ಎದುರಿಗೇ ಕೇಳಿದಳು.

"ಅಮ್ಮ, ನಮ್ಮ ಮ್ಯಾನೇಜರ್ ಹತ್ರ ನೀನು ಮಾತಾಡಿದ್ಯಾ?"

"ಯಾವಾಗ?" ಅಂದೆ. ನೆನಪೇ ಹೋಗಿತ್ತು.

"ನಾನು ಬಾಣಂತನದಲ್ಲಿದ್ದಾಗ. ನನಗೆ ಕೆಲಸದ ಯೋಚನೆ ಇಲ್ಲ, ಬೇರೆಯವರಿಗೆ ಕೊಡಿ ಅಂದ್ಯಂತೆ."

"ಅಂದಿರಬಹುದು ಮಗಾ. ನಿನಗೆ ತೊಂದ್ರೆ ಆಗ್ಬಾರದು ಅಂತ..."

"ಕೊಟ್ರು ಅಮ್ಮ. ಬೇರೆಯವರಿಗೆ ಕೊಟ್ರು."

ಇವಳೇ ಹೇಳಿಕೊಟ್ಟವನೊಬ್ಬನಿಗೆ ಕೊಟ್ಟಿದ್ದರು. ಇವಳಿಗೆ ಈಗ ಅವನು ಕಳಿಸಿದ ಚಿಲ್ಲರೆ ತಪ್ಪುಗಳನ್ನು ತಿದ್ದುವ ಕೆಲಸ. ಯಾಕೆ ಸಾರ್ ಅಂತ ಮ್ಯಾನೇಜರನ್ನು ಕೇಳಿದ್ದಕ್ಕೆ, "ನಿಮ್ಮ ಮನೆಯವರೇ ಹೇಳಿದ್ರಲ್ಲ, ನಿಮಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು" ಅಂದನಂತೆ.

ಗಿರಾಕಿ ಮೆಲ್ಲಗೆ ಹೊರಟು ಹೋದಳು. ನಾನು ಟೇಪು ಕುತ್ತಿಗೆಗೆ ಹಾಕಿಕೊಂಡು ಹಾಗೇ ನಿಂತಿದ್ದೆ. ಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. "ನನ್ನ ಫೋನು ಯಾಕೆ ಎತ್ತಿದೆ? ನನ್ನ ಬಾಯಿ ಬಿದ್ದು ಹೋಗಿತ್ತಾ? ಪಕ್ಕದ ಕೋಣೇಲಿದ್ದೆ. ಒಂದು ಸಲ ಎಬ್ಬಿಸಿದ್ರೆ ಆಗ್ತಿತ್ತು" ಅಂದಳು. ಕಣ್ಣು ಹೋಗುತ್ತದೆ ಅಂತ ಹೇಳೋಣ ಅಂದರೆ ಅವಳ ಕಣ್ಣನ್ನೇ ನೋಡೋಕೆ ಆಗಲಿಲ್ಲ.

ಅವತ್ತು ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ನನಗೆ ಇನ್ನೊಂದು ಸಿಟ್ಟು ಬಂತು. ನಾನು ಹಳ್ಳಿಯವಳು, ಐದನೇ ಕ್ಲಾಸಿನವಳು, ತಪ್ಪು ಮಾಡಿದೆ. ಆ ಮ್ಯಾನೇಜರು ಎಂತ ಓದಿದ್ದಾನೆ? ಎಷ್ಟು ಜನರನ್ನು ಆಳುತ್ತಾನೆ? ನಾನು ಒಬ್ಬಳ ರವಿಕೆ ಹೊಲಿಯಬೇಕಾದರೆ ಅವಳ ಮೈಗೇ ಟೇಪು ಹಿಡಿಯುತ್ತೇನೆ. ಅವಳ ಅಮ್ಮ ಬಂದು, "ನಮ್ಮವಳು ಇಷ್ಟಿದ್ದಾಳೆ, ಹೊಲ್ದುಬಿಡಿ" ಅಂದರೆ, "ಅವಳನ್ನೇ ಕಳಿಸಿ" ಅನ್ನುತ್ತೇನೆ. ಇವನು ಐದು ವರ್ಷದ ಕೆಲಸವನ್ನು ಬಾಣಂತಿಯ ಅಮ್ಮನ ಒಂದು ಮಾತು ಕೇಳಿ ಕತ್ತರಿಸಿಬಿಟ್ಟ! ಅವಳು ಏಳುವವರೆಗೆ ಕಾಯೋಕೆ ಆಗಲಿಲ್ಲವಾ? ಅದೇ ಆಫೀಸಿನಲ್ಲಿ ಒಬ್ಬ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ನಾಲ್ಕು ತಿಂಗಳು ಅವನ ಜಾಗ ಅವನಿಗೇ ಇತ್ತಂತೆ. ಹೂವು ಬೇರೆ ಕಳಿಸಿದ್ದರಂತೆ. ಕಾಲು ಮುರಿದವನು ವಾಪಸ್ ಬರುತ್ತಾನೆ, ಹೆತ್ತವಳು ಬರುವುದಿಲ್ಲ ಅಂತ ಯಾರು ಬರೆದಿಟ್ಟಿದ್ದಾರೆ?

ಆ ಮ್ಯಾನೇಜರಿಗೆ ಬೇಕಾಗಿದ್ದೂ ನಾನಂದ ಆ ಮಾತೇ. ನಾನು ಹೇಳದಿದ್ದರೆ ಬೇರೆ ಯಾರಿಂದಲೋ ಹೇಳಿಸುತ್ತಿದ್ದ. ಹೀಗಂದುಕೊಂಡರೆ ನನಗೆ ಸ್ವಲ್ಪ ಹಗುರ ಆಗುತ್ತದೆ. ಹಗುರ ಆಗುತ್ತದೆ ಅಂತಲೇ ಆ ಮಾತನ್ನು ಪೂರ್ತಿ ನಂಬುವುದಿಲ್ಲ.

ಮಾರನೇ ದಿನ ಬೆಳಗ್ಗೆ ತಿಂಡಿ ತಿನ್ನುತ್ತಾ ಮಗಳೇ ಮಾತೆತ್ತಿದಳು. "ತಪ್ಪು ಅರ್ಧ ನಿಂದು, ಅರ್ಧ ಅವರದು. ಅವರದ್ದು ನಾನು ನೋಡ್ಕೋತೀನಿ. ನಿಂದು ನೀನು ಸರಿ ಮಾಡು."

"ಹೆಂಗೆ ಸರಿ ಮಾಡ್ಲಿ ಹೇಳು. ಅವನಿಗೆ ಫೋನು ಮಾಡಿ ಉಗೀಲಾ?"

"ಬೇಡ ಮಾರಾಯ್ತಿ! ನೀನು ಇನ್ನು ಅವರ ಹತ್ರ ಮಾತಾಡಬೇಡ. ವಾರಕ್ಕೆ ನಾಲ್ಕು ದಿನ ಬಂದು ಕೂಸನ್ನ ನೋಡ್ಕೋ. ಒಂಬತ್ತರಿಂದ ಆರರವರೆಗೆ ನನ್ನ ಕೋಣೆ ಬಾಗಿಲು ತಟ್ಟಬಾರದು. ಮನೆ ಹೊತ್ತಿಕೊಂಡರೆ ಮಾತ್ರ ತಟ್ಟು."

ಹೀಗೆ ನಾನು ತೀರ್ಥಹಳ್ಳಿಗೆ ಓಡಾಡುವವಳಾದೆ. ಸೋಮವಾರ ಬೆಳಗ್ಗೆ ಹೋಗುವುದು, ಗುರುವಾರ ಸಂಜೆ ಬರುವುದು. ಬೇಕಾದರೆ ಶುಕ್ರವಾರವೂ ಉಳಿಯುವುದು. ಉಳಿದ ದಿನ ಮಿಷನ್. ಗಿರಾಕಿಗಳು ಅರ್ಧಕ್ಕರ್ಧ ಬೇರೆ ಕಡೆ ಹೋದರು. ಹೋಗಲಿ. ಒಬ್ಬಳು ಬಂದು, "ನಿಮ್ಮ ಮಗಳು ಇನ್ನೂ ಕೆಲಸಕ್ಕೆ ಹೋಗ್ತಾಳಾ? ಅಯ್ಯೋ ಪಾಪ, ಕೂಸು" ಅಂದಳು. "ನಿನ್ನ ಗಂಡ ನಿನಗೆ ಮಗು ಆದ್ಮೇಲೆ ಕೆಲಸ ಬಿಟ್ನಾ?" ಅಂದೆ. "ಅವ್ರು ಗಂಡಸಲ್ವಾ" ಅಂದಳು. "ಹೌದು, ಹೆತ್ತಿದ್ದು ನೀನು, ದಣಿವು ನಿನಗೆ, ಕೆಲಸ ಬಿಡಬೇಕಾದ್ದೂ ನೀನೇ. ಅವನಿಗೆ ಹೆರೋ ತೊಂದ್ರೆಯೂ ಇಲ್ಲ, ಬಿಡೋ ತೊಂದ್ರೆಯೂ ಇಲ್ಲ" ಅಂದೆ. ಅವಳು ರವಿಕೆ ಪೀಸು ವಾಪಸ್ ತಗೊಂಡು ಹೋದಳು.

ನಮ್ಮ ಅಳಿಯ ಒಳ್ಳೆಯವನು, ಅವನ ಮೇಲೆ ನನಗೆ ದೂರಿಲ್ಲ. ಆದರೆ ನೋಡಿ, ಕೂಸು ಹುಟ್ಟಿದ ಅದೇ ವರ್ಷ ಅವನನ್ನು ಅಂಗಡಿಯವರ ಸಂಘಕ್ಕೆ ಕಾರ್ಯದರ್ಶಿ ಮಾಡಿದರು. "ಸಂಸಾರಸ್ಥ ಆದ, ಜವಾಬ್ದಾರಿ ಬಂತು" ಅಂತ ಹಾರ ಹಾಕಿದರು. ಒಂದೇ ಕೂಸು. ಅದರಿಂದ ಅಪ್ಪನಿಗೆ ಜವಾಬ್ದಾರಿ ಬಂತಂತೆ, ಅಮ್ಮನಿಗೆ ಜವಾಬ್ದಾರಿ ಹೋಯಿತಂತೆ! ಸಂಘದ ಸಭೆಗೆ ಹೋದಾಗ ಒಬ್ಬನಾದರೂ, "ನೀನಿಲ್ಲಿ ಕೂತಿದೀಯ, ಕೂಸನ್ನ ಯಾರು ನೋಡ್ತಿದ್ದಾರೆ?" ಅಂತ ಕೇಳಿದ್ದಾರಾ ಅಂತ ಅಳಿಯನನ್ನೇ ಕೇಳಿದೆ. ಅವನು ತಲೆ ಕೆರೆದುಕೊಂಡು, "ಇಲ್ಲ ಅತ್ತೆ" ಅಂದ. ಆಮೇಲೆ ನನ್ನ ಎದುರಿಗೆ ಬಂದರೆ ಸಾಕು, ಸುಮ್ಮನೆ ಕೂಸನ್ನು ಎತ್ತಿಕೊಂಡುಬಿಡುತ್ತಿದ್ದ.

ಮಗಳು ಆ ಎರಡು ವರ್ಷ ಹೇಗೆ ಕಳೆದಳು ಅಂತ ನಾನು ಬಾಗಿಲ ಈಚೆಯಿಂದ ನೋಡಿದ್ದೇನೆ. ಮೀಟಿಂಗನ್ನು ಬೇಕು ಬೇಕಂತಲೇ ಆರೂವರೆಗೆ ಇಡುತ್ತಿದ್ದರು, ಕೂಸು ಅಮ್ಮ ಬೇಕು ಅಂತ ಹಟ ಹಿಡಿಯುವ ಹೊತ್ತು. ಬರಲಿಲ್ಲ ಅಂದರೆ ಆಸಕ್ತಿ ಇಲ್ಲ ಅನ್ನುವುದು, ಬಂದರೆ ಹಿಂದಿನಿಂದ ಕೂಸು ಅಳುವುದು ಕೇಳಿ ಹುಬ್ಬೇರಿಸುವುದು. ವರ್ಷದ ಕೊನೆಗೆ ಶಾಲೆಯಲ್ಲಿ ಮಾರ್ಕು ಕೊಡುವ ಹಾಗೆ ಅಲ್ಲೂ ಕೊಡುತ್ತಾರೆ. ಇವಳಿಗೆ ಕಮ್ಮಿ ಕೊಟ್ಟರು. ಯಾಕೆ ಅಂದರೆ, "ನೀವು ಆರು ತಿಂಗಳು ಇರಲಿಲ್ಲ." ರಜೆ ಕೊಟ್ಟವರೂ ಅವರೇ, ರಜೆ ತಗೊಂಡಳು ಅಂತ ಮಾರ್ಕು ಕಳೆದವರೂ ಅವರೇ. ಇದನ್ನು ಯಾವ ಹೆಸರಿನಿಂದ ಕರೆಯುವುದೋ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಮೋಸ ಅನ್ನುತ್ತೇವೆ.

ಅವಳು ಮಾತ್ರ ಬಾಯಿ ಬಡಿದುಕೊಳ್ಳಲಿಲ್ಲ. ತಾನು ಏನೇನು ಮಾಡಿದೆ, ಯಾವತ್ತು ಮಾಡಿದೆ, ಯಾರ ತಪ್ಪನ್ನು ತಿದ್ದಿದೆ ಅಂತ ಬರೆದಿಡುತ್ತಾ ಹೋದಳು. ಮೂರು ತಿಂಗಳ ಹಿಂದೆ ಒಂದು ದಿನ ಆಸ್ಪತ್ರೆಗಳ ರಿಪೋರ್ಟೆಲ್ಲ ಎಲ್ಲೋ ಸಿಕ್ಕಿಕೊಂಡು ನಿಂತುಹೋದವಂತೆ. ಆ ಲೀಡ್ ಆದವನಿಗೆ ಎಲ್ಲಿ ಸಿಕ್ಕಿದೆ ಅಂತಲೇ ತಿಳಿಯಲಿಲ್ಲ. ಕೊನೆಗೆ ಇವಳಿಗೇ ಫೋನು. ಇವಳು ಕೂತು ಮಧ್ಯಾಹ್ನದೊಳಗೆ ಬಿಡಿಸಿದಳು. ಹೆಣೆದವಳಿಗೆ ಗೊತ್ತಿರುತ್ತದೆ ಎಳೆ ಎಲ್ಲಿದೆ ಅಂತ. ಒಂದು ತಿಂಗಳಲ್ಲಿ ಅವನು ಬೇರೆ ಕಂಪನಿಗೆ ಹೋದ. ಜಾಗ ಖಾಲಿಯಾಯಿತು.

ಆಗ ಸಂದರ್ಶನ ಅಂತ ಇಟ್ಟರು. ಎರಡು ವಾರದ ಹಿಂದೆ, ಬೆಳಗ್ಗೆ ಹನ್ನೊಂದಕ್ಕೆ. ಲ್ಯಾಪ್‌ಟಾಪಿನಲ್ಲೇ. ಆ ಕಡೆ ಮ್ಯಾನೇಜರು, ಅವನ ಜೊತೆ ಅವನಿಗಿಂತ ಮೇಲಿನ ಒಬ್ಬ ಹೆಂಗಸು. ಬಾಗಿಲು ಅರ್ಧ ತೆರೆದಿತ್ತು. ಕೂಸು ನನ್ನ ಸೊಂಟದ ಮೇಲೆ. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಇಂಗ್ಲಿಷ್ ಅರ್ಧಂಬರ್ಧ, ನಡುನಡುವೆ ಕನ್ನಡ. ಕೆಲಸದ ಮಾತೆಲ್ಲ ಮುಗಿದ ಮೇಲೆ ಅವನು ಕನ್ನಡಕ್ಕೆ ತಿರುಗಿದ. ಅವನದು ಅದೇ ಚಂದದ ಮಾತು.

"ಈಗ ತಿಂಗಳಿಗೆ ಎರಡು ಮೂರು ಸಲ ಬೆಂಗಳೂರಿಗೆ ಬರಬೇಕಾಗುತ್ತೆ. ಮಗು ಚಿಕ್ಕದು. ಹೇಗೆ ಮ್ಯಾನೇಜ್ ಮಾಡ್ತೀರಿ? ಹೋದ ಸಲ ನಿಮ್ಮ ತಾಯಿಯವರೇ..."

ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೋಯಿತು. ಒಳಗೆ ನುಗ್ಗಿ, "ಹೌದಪ್ಪ, ನಾನೇ ಹೇಳಿದ್ದು, ಈಗ ನಾನೇ ಬೇರೆ ಹೇಳ್ತೀನಿ ಕೇಳು" ಅನ್ನಬೇಕು ಅನ್ನಿಸಿತು. ಬಾಯಿಗೆ ಸೆರಗು ತುರುಕಿಕೊಂಡೆ. ನಿಜವಾಗಲೂ ತುರುಕಿಕೊಂಡೆ, ಕೂಸು ನನ್ನ ಸೆರಗನ್ನು ಎಳೆದು ಎಳೆದು ನಗುತ್ತಿತ್ತು. ಎರಡೂವರೆ ವರ್ಷದ ಹಿಂದೆ ಮಾತಾಡಬಾರದಿದ್ದಾಗ ಮಾತಾಡಿದ್ದೆ. ಈಗ ಇದು ಅವಳು ಮಾತಾಡುವ ಹೊತ್ತು.

ಮಗಳ ದನಿ ಏರಲಿಲ್ಲ. "ಸರ್, ನಿಮಗೆ ಎರಡು ಮಕ್ಕಳು. ನೀವು ಮ್ಯಾನೇಜರ್ ಆಗುವಾಗ ಚಿಕ್ಕದಕ್ಕೆ ಒಂದು ವರ್ಷ. ಆಗ ನಿಮ್ಮನ್ನ ಯಾರಾದ್ರೂ ಈ ಪ್ರಶ್ನೆ ಕೇಳಿದ್ರಾ?"

ಅವನು ನಕ್ಕ. "ಹಾಗಲ್ಲ, ನಿಮ್ಮ ಒಳ್ಳೇದಕ್ಕೆ..."

"ನನ್ನ ಒಳ್ಳೇದನ್ನ ಹೋದ ಸಲವೂ ನೀವೇ ನೋಡಿದ್ರಿ. ಈ ಸಲ ನಾನು ನೋಡ್ಕೋತೀನಿ. ನಾನು ಮಾಡಿದ ಕೆಲಸ ಎಲ್ಲ ಬರೆದು ಇಬ್ಬರಿಗೂ ಕಳಿಸಿದೀನಿ. ನನಗೆ ಕೊಡಲ್ಲ ಅಂದ್ರೆ ಬೇಸರ ಇಲ್ಲ. ಕಾರಣ ಏನು ಅಂತ ಒಂದು ಸಾಲು ಬರೆದು ಕಳಿಸಿ. ಮಗು ಕಾರಣ ಆದ್ರೆ ಮಗು ಅಂತಲೇ ಬರೀರಿ."

ಆಮೇಲೆ ಆ ಮೇಲಿನ ಹೆಂಗಸು ಇಂಗ್ಲಿಷಿನಲ್ಲಿ ಅವನನ್ನು ಏನೋ ಕೇಳಿದಳು. ಅವನು ತಡವರಿಸಿದ. ಅದು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ತಡವರಿಸೋದಕ್ಕೆ ಭಾಷೆ ಬೇಕಾಗಿಲ್ಲ. ಹೊರಗೆ ಬಂದ ಮಗಳಿಗೆ ನೀರು ಕೊಟ್ಟೆ. "ಏನಾದ್ರೂ ಅಂದ್ಯಾ ನೀನು?" ಅಂದಳು. ನಾನು ಒದ್ದೆಯಾದ ಸೆರಗು ತೋರಿಸಿದೆ. ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ.

ಕಾರಣ ಬರೆದು ಕಳಿಸೋಕೆ ಅವರಿಗೆ ಆಗಲಿಲ್ಲ. ಮೊನ್ನೆ ಶುಕ್ರವಾರ ಕೆಲಸದ ಪತ್ರ ಬಂತು.

ಅವತ್ತು ಸಂಜೆ ಮನೆ ತುಂಬಿತ್ತು. ನಮ್ಮನೆಯವರು ರಿಪ್ಪನ್‌ಪೇಟೆಯಿಂದ ಜಿಲೇಬಿ ಪೊಟ್ಟಣ ಹಿಡಿದುಕೊಂಡು ಬಂದರು. ಅಳಿಯ ಅಂಗಡಿ ಬೇಗ ಬಾಗಿಲು ಹಾಕಿ ಕೋಳಿ ತಂದ. ಬೀಗಿತ್ತಿ ಕಡುಬು ಬೇಯಿಸಿದರು. ಸಾರಿಗೆ ಮಸಾಲೆ ಅರೆದುಕೊಟ್ಟವಳು ನಾನು, ಖಾರ ಹೆಚ್ಚಾಯಿತು ಅಂದವರು ಬೀಗಿತ್ತಿ. ಏಳೂವರೆಗೆಲ್ಲ ಒಟ್ಟಿಗೇ ಕೂತೆವು. ಗಂಡಸರಿಗೆ ಮೊದಲು ಬಡಿಸೋಣ ಅಂತ ಬೀಗಿತ್ತಿ ಏಳೋಕೆ ಹೋದರೆ ಅಳಿಯನೇ, "ಕೂತ್ಕೋ ಅಮ್ಮ, ಪಾತ್ರೆ ನಡುವೆ ಇದೆ, ಬೇಕಾದವರು ಹಾಕ್ಕೋತಾರೆ" ಅಂದ.

ಎರಡನೇ ಕಡುಬು ಮುರಿಯುತ್ತಾ ಮಗಳು, "ಇವತ್ತು ಸಂಜೆ ನಮ್ಮ ಟೀಮಿನ ಹುಡುಗಿಯೊಬ್ಬಳು ಫೋನು ಮಾಡಿದ್ಲು. ನಾನು ಲೀಡ್ ಆದ ಸುದ್ದಿ ಕೇಳಿ. ಅವಳಿಗೆ ಮೂರು ತಿಂಗಳಂತೆ" ಅಂದಳು.

"ಒಳ್ಳೇದಾಯ್ತಲ್ಲ!" ಅಂದರು ಬೀಗಿತ್ತಿ.

"ಹೇಳೋಕೆ ಮೊದಲು ಸಾರಿ ಅಂದ್ಲು ಅತ್ತೆ. ಸಾರಿ ಮೇಡಂ, ನಾನು ಪ್ರೆಗ್ನೆಂಟು ಅಂತ."

ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಸಾರಿ ಯಾಕೆ? ಯಾರ ಮನೆ ಕಳ್ಳತನ ಮಾಡಿದ್ಲು ಅವಳು? ಯಾರು ಕಲಿಸಿದ್ರು ಅವಳಿಗೆ ಹಾಗೆ ಹೇಳೋಕೆ?" ನನ್ನ ಗಂಟಲು ಎಷ್ಟು ಜೋರಾಗಿತ್ತು ಅಂದರೆ ಕೂಸು ಬೆಚ್ಚಿಬಿದ್ದಿತು.

"ನಾನೂ ಮ್ಯಾನೇಜರಿಗೆ ಸಾರಿ ಅಂದಿದ್ದೆ ಅಮ್ಮ, ಆಗ" ಅಂದಳು ಮಗಳು, ತಟ್ಟೆ ನೋಡುತ್ತಾ.

ನಮ್ಮನೆಯವರು ಸೌಟು ತೆಗೆದುಕೊಂಡು ಅವಳ ತಟ್ಟೆಗೆ ಸಾರು ಹಾಕಿದರು, ಕೋಳಿಯ ತೊಡೆ ಹುಡುಕಿ ಹಾಕಿದರು. "ನೀನು ಅವಳಿಗೆ ಎಂತ ಹೇಳ್ದೆ?" ಅಂತ ಕೇಳಿದರು.

"ಸೋಮವಾರ ಮಾತಾಡೋಣ, ನಿನಗೆ ಯಾವ ಕೆಲಸ ಬೇಕು, ವಾಪಸ್ ಬಂದ್ಮೇಲೆ ಯಾವುದು ಬೇಕು, ಬರೆದಿಟ್ಟುಕೊಂಡು ಬಾ ಅಂದೆ."

"ಹಾಂ, ಸರಿ" ಅಂದರು. ಅಳಿಯ ಕೂಸಿಗೆ ಕಡುಬು ನುರಿದು ತಿನ್ನಿಸುತ್ತಿದ್ದ, ಅದು ತಿಂದಿದ್ದಕ್ಕಿಂತ ಉಗಿದಿದ್ದೇ ಹೆಚ್ಚು. ಬೀಗಿತ್ತಿ ಖಾರ ಖಾರ ಅನ್ನುತ್ತಲೇ ಮೂರನೇ ಸಲ ಸಾರು ಹಾಕಿಸಿಕೊಂಡರು. ನನ್ನ ಸಿಟ್ಟು ಇಳಿದಿರಲಿಲ್ಲ, ಹಸಿವೂ ಹೋಗಿರಲಿಲ್ಲ. ಬಿದ್ದ ತುತ್ತು ಎತ್ತಿಕೊಂಡು ಊಟ ಮುಂದುವರಿಸಿದೆ.